ಬಿಕ್ಕೋಡಿನ ಕೆಸರಿನಲ್ಲಿ ಕ್ರಿಯಾ-ಪ್ರತಿಕ್ರಿಯಾ ವಿಚಾರ

ಮೂರನೆಯ ನಿಯಮವನ್ನು ನ್ಯೂಟನ್ 1687ರಲ್ಲಿ ಅಚ್ಚು ಹಾಕಿಸಿದನೆಂದು ಲೋಕ ನಂಬಿದೆ. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆಯಾದದ್ದು 1117ರಲ್ಲಿ. ಗುಡಿಯ ಬಾಗಿಲಲ್ಲೇ ಸಳ ಮೃಗವನ್ನು ಹೊಯ್ಯುತ್ತಿದ್ದಾನೆ. ಅಲ್ಲಿಗೆ 570 ವರ್ಷ ನಾವೇ ಮುಂದು. ‘ಹೊಯ್’ ಎಂಬುದು ಕ್ರಿಯೆ. ಮೃಗದ ಮೈ ಆಯುಧಕ್ಕೆ ಕೊಟ್ಟ ಒತ್ತು ಪ್ರತಿಕ್ರಿಯೆ. ಸಳನಿಗೆ ‘ಹೊಯ್’ ಎಂದ ಗುರು ಸುದತ್ತ ಅರ್ಧ ನಿಯಮ ಹೇಳಿ ಸುಮ್ಮನಾದದ್ದರಿಂದ ಉಳಿದರ್ಧದ ಕೀರ್ತಿ ಇಂಗ್ಲೆಂಡಿನ ಪಾಲಾಯಿತೆಂಬುದು ಪ್ರಬಂಧಕಾರನ ಗಟ್ಟಿ ಮತ.

ಇನ್ನು ಪ್ರಯೋಗ. ಆಷಾಢದ ಮಳೆ, ಬಿಕ್ಕೋಡಿನಾಚೆ ಕಾಫಿ ತೋಟದ ದಾರಿ, ಕೆಸರಲ್ಲಿ ಹೂತ ಜೀಪು. ಆಳುಗಳೆಲ್ಲ ಇಳಿದರು. ನಾನು ಮಾತ್ರ, ಬಿಳಿ ಪಂಚೆಯ ಗೌರವಾರ್ಥ, ಹಿಂದಿನ ಸೀಟಿಗೆ ಬೆನ್ನು ಕೊಟ್ಟು ಮುಂದಿನ ಸೀಟನ್ನು ಬಲವಾಗಿ ನೂಕಿದೆ. ಜೀಪು ಮಿಸುಕಲಿಲ್ಲ.

“ಮೇಷ್ಟ್ರೇ, ಒಳಗೆ ಕೂತ್ಕಂಡು ತಳ್ಳುದ್ರೆ ಹೋಗಲ್ಲ, ಇಳೀರಿ” ಎಂದ ಡ್ರೈವರ್. ಕೈ ಮುಂದಕ್ಕೆ ನೂಕಿದಷ್ಟನ್ನೇ ಬೆನ್ನು ಹಿಂದಕ್ಕೆ ನೂಕಿತ್ತು. ಎರಡೂ ಅದೇ ಜೀಪಿನ ಖಾತೆಗೆ ಬಿದ್ದು ವಜಾ ಆಗಿದ್ದವು.

ಇಳಿದೆ. ಅಲ್ಲೊಂದು ಪೂರ್ವಪಕ್ಷ ಎದುರಾಯಿತು: ನಾವು ಎಷ್ಟು ತಳ್ಳಿದರೂ ಜೀಪು ಅಷ್ಟೇ ನಮ್ಮನ್ನು ತಳ್ಳುತ್ತದಲ್ಲ, ಮೊತ್ತ ಸೊನ್ನೆ, ಹಾಗಾದರೆ ಜಗತ್ತಿನಲ್ಲಿ ಯಾವ ಗಾಡಿಯಾದರೂ ಹೊರಡುವುದೆಂತು? ಇದಕ್ಕೆ ಉತ್ತರ ಕಿರಾಣಿ ಅಂಗಡಿಯಲ್ಲಿದೆ. ನಾನು ಕೊಡಬೇಕಾದ ನೂರು ರೂಪಾಯಿ, ಅಂಗಡಿಯವನಿಗೆ ಬರಬೇಕಾದ ನೂರು ರೂಪಾಯಿ ಸಮವೇ, ಎದುರುಬದುರೇ. ಹಾಗೆಂದು ಎರಡನ್ನೂ ಕೂಡಿ ಸೊನ್ನೆ ಮಾಡಿ ‘ಬಾಕಿ ತೀರಿತು’ ಎಂದು ಎದ್ದುಬಂದರೆ ಅವನು ಬಿಟ್ಟಾನೆಯೆ? ಒಂದು ನನ್ನ ತಲೆಯ ಮೇಲೆ, ಇನ್ನೊಂದು ಅವನ ಪುಸ್ತಕದಲ್ಲಿ. ಜೀಪು ಹೊರಡುವುದೋ ಇಲ್ಲವೋ ತಿಳಿಯಲು ಜೀಪಿನ ಪುಟವೊಂದನ್ನೇ ನೋಡಬೇಕು: ನಮ್ಮ ನೂಕು ಜಮಾ, ಕೆಸರಿನ ಹಿಡಿತ ಖರ್ಚು. ನಮ್ಮ ಮೈಗೆ ಬಿದ್ದ ಜೀಪಿನ ತಳ್ಳು ನಮ್ಮ ಪುಟದ್ದು. ಅದನ್ನು ತೀರಿಸಿಕೊಡುವುದು ಕಾಲಡಿಯ ನೆಲ. (ನನ್ನ ಚಪ್ಪಲಿಗೆ ಮಾತ್ರ ಆ ನೆಲ ಸಾಲ ಕೊಡಲಿಲ್ಲ. ಎರಡು ಸಲ ಜಾರಿದೆ.)

ಚಕ್ರದಡಿಗೆ ಸಿಲ್ವರ್ ಮರದ ರೆಂಬೆ ತುರುಕಿದರು. “ಹಿಂದ್ಗಡೆ ನಿಲ್ಬೇಡಿ ಮೇಷ್ಟ್ರೇ!” ಎಂಬ ಕೂಗು ನನ್ನ ಕಿವಿಗೆ ಬೀಳುವುದರೊಳಗೆ ಚಕ್ರ ಕೆಸರನ್ನು ಹಿಂದಕ್ಕೆ ಒಗೆದು, ರೆಂಬೆ ಕಚ್ಚಿಕೊಂಡು, ಜೀಪು ಮುಂದಕ್ಕೆ ನೆಗೆಯಿತು. ನಿಯಮದ ಪ್ರಕಾರ ಭೂಮಿಯೂ ಹಿಂದಕ್ಕೆ ಸರಿದಿರಲೇಬೇಕು; ಅದರ ತೂಕ 6ರ ಮುಂದೆ 24 ಸೊನ್ನೆ ಇಟ್ಟಷ್ಟು ಕಿಲೋ ಆದ್ದರಿಂದ ಬೇಲೂರಿನವರಿಗೆ ಗೊತ್ತಾಗಲಿಲ್ಲ.

ಹಿಂದಕ್ಕೆ ಹೋದ ಕೆಸರಿನ ಸಾಕ್ಷ್ಯ ಪಂಚೆಯ ಮೇಲೆ ಭದ್ರವಾಗಿದೆ. ಒಗೆಯುವುದಕ್ಕೆ ಕೊಡಿ ಎಂದು ಮನೆಯವಳು ಮೂರು ದಿನದಿಂದ ಕೇಳುತ್ತಿದ್ದಾಳೆ. ಪ್ರಬಂಧ ಅಂಗೀಕಾರವಾಗುವ ತನಕ ಕೊಡಲಾಗದು.