ಹೊಗೆ ಹಾಕಿಸಿಕೊಂಡ ಕಥೆ

ಅಂಬಾಸಿಡರ್ ಇಟ್ಟುಕೊಂಡವನಿಗೆ ಬೀದಿಯವರೆಲ್ಲ ಡಾಕ್ಟರುಗಳೇ. ನನ್ನ ಮಾರ್ಕ್ 3 ಬೆಳಗ್ಗೆ ಸ್ಟಾರ್ಟ್ ಆದ ಕೂಡಲೇ 'ಟಿಕ್ ಟಿಕ್' ಎನ್ನತೊಡಗಿದಾಗ, ಎದುರುಮನೆಯ ನಿವೃತ್ತ ಹೆಡ್‌ಮಾಸ್ಟರು ಬ್ರಷ್ ಕಚ್ಚಿಕೊಂಡೇ ಬಂದು "ಟ್ಯಾಪೆಟ್ಟು!" ಎಂದು ತೀರ್ಪು ಕೊಟ್ಟು ಬಾಯಿ ಮುಕ್ಕಳಿಸಲು ಹೋದರು. ಟ್ಯಾಪೆಟ್ ಸರಿಮಾಡಿದ್ದಾಯಿತು, ಸದ್ದು ಜಗ್ಗಲಿಲ್ಲ. ಆದರೆ ಎಂಜಿನ್ ಬಿಸಿಯಾದ ಮೇಲೆ ತಾನೇ ಅಡಗುತ್ತಿತ್ತು.

ಅಲ್ಲೇ ಇತ್ತು ಗುಟ್ಟು. ಮ್ಯಾನಿಫೋಲ್ಡಿನ ಪ್ಯಾಕಿಂಗ್ ಸುಟ್ಟರೆ ತಣ್ಣಗಿರುವಾಗ ಸಂದಿಯಿಂದ ಗ್ಯಾಸು ಟಿಕ್ ಟಿಕ್ ಎಂದು ಹಾರುತ್ತದೆ. ಬೀಡುಕಬ್ಬಿಣ ಕಾದು ಹಿಗ್ಗಿದರೆ ಸಂದಿ ಬಹುಮಟ್ಟಿಗೆ ಮುಚ್ಚುತ್ತದೆ. ಟಾರ್ಚ್ ಬಿಟ್ಟು ನೋಡಿದೆ. ಹೆಡ್ಡಿನ ಅಂಚಿನಲ್ಲಿ ಕಾಡಿಗೆ ತೀಡಿದಂತೆ ಮಸಿ.

"ರೀ, ಓಡ್ತಿದೆಯಲ್ಲ, ಸುಮ್ನಿರಿ" ಎಂದಳು ಹೆಂಡತಿ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಕಾರಿನೊಳಗೆ ನುಗ್ಗಿದರೆ ಇಬ್ಬರೂ ಸ್ಟೇರಿಂಗ್ ಮುಂದೆಯೇ ಶಾಶ್ವತ ನಿದ್ದೆ ಎಂದು ಹೆದರಿಸಿದೆ. ಹಾಗೆ ನೋಡಿದರೆ ಹೊಗೆ ತಪಾಸಣೆಯಲ್ಲಿ ನನ್ನ ಗಾಡಿ ಯಾವಾಗಲೂ ಫಸ್ಟ್ ಕ್ಲಾಸು. ಇಂಥ ಹಳೇ ಪೆಟ್ರೋಲ್ ಕಾರಿಗೆ ಆ ಅನಿಲ ಶೇ. 3ರವರೆಗೂ ಮಾಫಿ, ನನ್ನದು ಅದರ ಹತ್ತಿರಕ್ಕೂ ಸುಳಿಯುತ್ತಿರಲಿಲ್ಲ. ಆ ಚೀಟಿಯನ್ನು ಹೊಸ ಕಾರಿನ ಭಾವಮೈದುನನಿಗೆ ವಾಟ್ಸ್ಯಾಪ್ ಮಾಡುವುದು ನನ್ನ ಸಣ್ಣ ಸುಖಗಳಲ್ಲೊಂದು.

ಜೆ.ಸಿ. ರಸ್ತೆಯಲ್ಲಿ ಪ್ಯಾಕಿಂಗ್ ಕೇಳಿದೆ. "ಬಿಚ್ಚೋರು ಯಾರು ಸಾರ್?" ಎಂದ ಅಂಗಡಿಯವ. "ನಾನೇ." ಅವನು ಮಾತಾಡದೆ ನಾಲ್ಕು ಸ್ಟಡ್ಡುಗಳನ್ನೂ ಪೊಟ್ಟಣಕ್ಕೆ ಹಾಕಿದ. "ಇವು ಯಾಕೆ?" "ಬೇಕಾಗುತ್ತೆ, ಇಟ್ಕೊಳ್ಳಿ."

ಈ 1489 ಸಿಸಿ ಎಂಜಿನ್ನಿನಲ್ಲಿ ಗಾಳಿ ಒಳಹೋಗುವ ಮ್ಯಾನಿಫೋಲ್ಡೂ ಹೊಗೆ ಹೊರಬರುವ ಮ್ಯಾನಿಫೋಲ್ಡೂ ಒಂದೇ ಮಗ್ಗುಲಿಗೆ, ಎರಡಕ್ಕೂ ಒಂದೇ ಪ್ಯಾಕಿಂಗ್. ಹಾಗಾಗಿ ಕಾರ್ಬುರೇಟರ್, ಏರ್ ಕ್ಲೀನರ್ ಎಲ್ಲ ಕಳಚಿ ಜಗಲಿಯ ಮೇಲೆ ಹರಡಿದೆ. ನಟ್ಟುಗಳಿಗೆ ರಾತ್ರಿಯಿಡೀ ಸೀಮೆಎಣ್ಣೆ ಕುಡಿಸಿ, ಬೆಳಗ್ಗೆ ಸ್ಪಾನರಿಗೆ ಪೈಪು ತೂರಿಸಿ, ಮನೆದೇವರನ್ನು ನೆನೆದು ಎಳೆದೆ. ಲಟಕ್! ತಿರುಗಿತು ಎಂದು ಹಿಗ್ಗಿದೆ. ಸ್ಪಾನರಿನೊಳಗೆ ನಟ್ಟಿತ್ತು, ನಟ್ಟಿನೊಳಗೆ ಅರ್ಧ ಸ್ಟಡ್ಡಿತ್ತು. ಉಳಿದರ್ಧ ಹೆಡ್ಡಿನೊಳಗೇ ಠಿಕಾಣಿ ಹೂಡಿತ್ತು.

ಕೊನೆಗೆ ಮೇಸ್ತ್ರಿಯನ್ನು ಕರೆದದ್ದಾಯಿತು. ಆತ ಮುರಿದ ತುದಿಗೆ ಹೊಸ ನಟ್ಟೊಂದನ್ನು ವೆಲ್ಡ್ ಮಾಡಿ, ಕೆಂಪಗೆ ಕಾದಿರುವಾಗಲೇ ಸಲೀಸಾಗಿ ತಿರುಗಿಸಿ ಹೊರತೆಗೆದ. "ಇದಕ್ಕೆ ಕೈಹಾಕಿದ್ದು ಯಾರು ಸಾರ್?"

"ಮುಂಚೆ ಒಬ್ಬ ಮೆಕ್ಯಾನಿಕ್ ಬರ್ತಿದ್ದ."

"ಅವನನ್ನ ಇನ್ಮೇಲೆ ಗಾಡಿ ಹತ್ತಿರ ಬಿಟ್ಕೋಬೇಡಿ."

"ನಾನೂ ಅದನ್ನೇ ಬಡ್ಕೋತಿದೀನಿ" ಎಂಬ ಮಾತು ಅಡುಗೆಮನೆ ಕಿಟಕಿಯಿಂದ ಬಂತು.

ಹೊಸ ಪ್ಯಾಕಿಂಗ್ ಕೂತಿತು, ಟಿಕ್ ಟಿಕ್ ನಿಂತಿತು. ಎದೆಯುಬ್ಬಿಸಿಕೊಂಡು ಹೊಗೆ ತಪಾಸಣೆಗೆ ಹೋದೆ. ಫೇಲು! ಶೇ. 3ರ ಗೆರೆಯನ್ನು ದಾಟಿ ಕೂತಿತ್ತು. ಮೆಷಿನ್ನೇ ಸರಿಯಿಲ್ಲವೆಂದು ಹುಡುಗನೊಡನೆ ಜಗಳವಾಡಿ, ಅಲ್ಲಿಂದಲೇ ಮೇಸ್ತ್ರಿಗೆ ಫೋನಾಯಿಸಿದೆ.

"ಮೊದಲು ಲೀಕಿನ ಸಂದಿಯಿಂದ ಹೊರಗಿನ ಗಾಳಿ ಎಳ್ಕೋತಿತ್ತು ಸಾರ್. ಹೊಗೆ ಜೊತೆ ಗಾಳಿ ಬೆರೆತು ಮೀಟರಲ್ಲಿ ಕಮ್ಮಿ ತೋರಿಸ್ತಿತ್ತು, ಅಷ್ಟೇ. ಕಾರ್ಬುರೇಟರಿನಲ್ಲಿ ಪೆಟ್ರೋಲ್ ಜಾಸ್ತಿ ಹೋಗ್ತಿರೋದು ಇವತ್ತಿನದಲ್ಲ."

ಫೋನ್ ಇಟ್ಟೆನೋ ಇಲ್ಲವೋ, ಭಾವಮೈದುನನ ಮೆಸೇಜು: "ಭಾವ, ಈ ಸಲದ ಚೀಟಿ ಕಳಿಸಲೇ ಇಲ್ಲ?"