ತಂಬಿಗೆಯ ಛಾಯಾಮೀಮಾಂಸೆ: ಒಂದು ಬಹುಶಿಸ್ತೀಯ ಅನುಸಂಧಾನ

ಪೀಠಿಕೆ

ಗೃಹೋಪಯೋಗಿ ಭಾಂಡವನ್ನು ಕಾಗದಕ್ಕಿಳಿಸುವ ಕ್ರಿಯೆಯನ್ನು ಲೋಕ ಈವರೆಗೆ ‘ಚಿತ್ರ ಬಿಡಿಸುವುದು’ ಎಂದು ಕರೆದು ಕೈತೊಳೆದುಕೊಂಡಿದೆ. ವಾಸ್ತವದಲ್ಲಿ ಇದು ದ್ವಿಆಯಾಮೀಯ ಶೂನ್ಯದಲ್ಲಿ ತ್ರಿಆಯಾಮೀಯ ಅಸ್ಮಿತೆಯ ಪುನರ್‌ಸಂರಚನೆ. ಆದ್ದರಿಂದ ಕಲಿಕಾರ್ಥಿಯು ಪೆನ್ಸಿಲ್ ಮುಟ್ಟುವ ಮೊದಲು ತಂಬಿಗೆಯೊಡನೆ ಮುಖಾಮುಖಿಯಾಗಬೇಕು. ತಂಬಿಗೆ ಒಪ್ಪಿದರೆ ಸಂವಾದ ನಡೆಸಬೇಕು. ಅದರಿಂದ ನೀರು ಕುಡಿಯಕೂಡದು, ಅದು ಉಪಯುಕ್ತತಾವಾದ.

1. ಭಾಂಡ ವರ್ಗೀಕರಣ

ಭಾಂಡಗಳು ಏಳು ವಿಧ. (ಅ) ಸದಾ ಹೊಳೆಯುವವು: ಸ್ಟೀಲ್ ತಂಬಿಗೆ. (ಆ) ಹುಣಸೆಹಣ್ಣು ಹಾಕಿ ತಿಕ್ಕಿದ ದಿನ ಮಾತ್ರ ಹೊಳೆಯುವವು: ಹಿತ್ತಾಳೆ ಬಿಂದಿಗೆ. (ಇ) ಎಂದೂ ಹೊಳೆಯದವು: ಒರಳುಕಲ್ಲು. (ಈ) ಅರ್ಧ ಬಿಡಿಸುವಷ್ಟರಲ್ಲಿ ಸಾರು ಮಾಡಲು ಅಡುಗೆಮನೆಗೆ ಒಯ್ಯಲ್ಪಡುವವು: ಮಿಕ್ಕ ಬಹುಪಾಲು. ಉಳಿದ ಮೂರನ್ನು ಮುಂದೆ ವಿವರಿಸಲಾಗುವುದು.

2. ರೇಖಾಪ್ರಕರಣ

ತಂಬಿಗೆಯ ಬಾಯಿ ದುಂಡಗಿದೆ ಎಂಬುದು ಪೂರ್ವಪಕ್ಷ. ಕಣ್ಣು ಇದನ್ನು ಖಂಡಿಸುತ್ತದೆ. ಕಣ್ಣಿನ ಮಟ್ಟಕ್ಕೆ ಹಿಡಿದರೆ ಬಾಯಿ ಬರೀ ಒಂದು ಗೆರೆ. ಕೆಳಗಿಳಿಸಿದಷ್ಟೂ ಅದು ಅಂಡಾಕಾರವಾಗಿ ತೆರೆದುಕೊಳ್ಳುತ್ತದೆ. ತಳ ಇನ್ನೂ ಕೆಳಗಿರುವುದರಿಂದ ಅದರ ಬಾಗು ಬಾಯಿಯ ಬಾಗಿಗಿಂತ ಹೆಚ್ಚು. ಬಾಯಿಯನ್ನು ಅಂಡಾಕಾರ ಮಾಡಿ ತಳಕ್ಕೆ ಸ್ಕೇಲಿಟ್ಟು ಗೆರೆ ಎಳೆಯುವ ಪಂಥವನ್ನು ‘ಸರಳರೇಖಾ ಮೂಲಭೂತವಾದ’ ಎನ್ನತಕ್ಕದ್ದು.

3. ಛಾಯಾಪ್ರಕರಣ

1795ರಲ್ಲಿ ಫ್ರಾನ್ಸಿನ ಕೊಂತೆ ಎಂಬಾತ ಗ್ರಾಫೈಟ್ ಪುಡಿಗೆ ಜೇಡಿಮಣ್ಣು ಕಲಸಿ ಸುಟ್ಟು ಪೆನ್ಸಿಲ್ ಕಡ್ಡಿ ಮಾಡುವ ವಿಧಾನಕ್ಕೆ ಹಕ್ಕುಪತ್ರ ಪಡೆದ. ಮಣ್ಣು ಹೆಚ್ಚಾದರೆ ಕಡ್ಡಿ ಗಟ್ಟಿ, ಗೆರೆ ತೆಳು. ಕಡಿಮೆಯಾದರೆ ಮೆದು, ಕಪ್ಪು. ಎಚ್‌ಬಿಗೂ 6ಬಿಗೂ ಇರುವ ವ್ಯತ್ಯಾಸ ಇಷ್ಟೇ. ಇಷ್ಟನ್ನೇ ‘ಕೃಷ್ಣತ್ವದೆಡೆಗಿನ ಸಂಕ್ರಮಣದ ಸಂಕಥನ’ವೆಂದು ಒಂದು ಚಿತ್ರಕಲಾ ಶಿಬಿರದಲ್ಲಿ ಊಟದ ಗಂಟೆ ಹೊಡೆದರೂ ಬಿಡದೆ ವಿವರಿಸಿದರು. ಮುಂದೆ ಕೂತವರ ಕೈಯಲ್ಲಿ ಪೆನ್ಸಿಲ್ಲಿತ್ತು. ಎದುರಿಗೆ ಪಾತ್ರೆ ಮಾತ್ರ ಒಂದೂ ಇರಲಿಲ್ಲ.

ಇದ್ದಿದ್ದರೆ ನೆರಳು ಹೇಗೆ ಬೀಳುತ್ತದೆಂದು ಯಾರಿಗಾದರೂ ಕಾಣುತ್ತಿತ್ತು. ಕಿಟಕಿ ಪಕ್ಕದ ಸ್ಟೂಲಿನ ಮೇಲೆ ಹಳೆಯ ಹಿತ್ತಾಳೆ ತಂಬಿಗೆ ಇಡಿ. ಬೆಳಕು ಬೀಳುವ ಕಡೆ ಕಾಗದವನ್ನು ಬಿಳಿಯಾಗಿಯೇ ಬಿಡಬೇಕು. ಆಚೆ ಮಗ್ಗುಲು ಮೆಲ್ಲಗೆ ಕಪ್ಪಾಗುತ್ತದೆ, ಆದರೆ ಕಡುಗಪ್ಪು ಅಂಚಿನಲ್ಲಿರುವುದಿಲ್ಲ, ಅಂಚಿಗಿಂತ ತುಸು ಒಳಗಿರುತ್ತದೆ. ಹೊಟ್ಟೆಯ ಕೆಳಭಾಗದ ಅಂಚಿಗೆ ಸ್ಟೂಲಿನಿಂದ ಪುಟಿದ ಮಂಕು ಬೆಳಕು ಸಣ್ಣ ಎಳೆಯಾಗಿ ಅಂಟಿರುತ್ತದೆ. ಆ ಎಳೆಯನ್ನು ಹಾಗೆಯೇ ಉಳಿಸಿದರೆ ತಂಬಿಗೆ ದುಂಡಾಯಿತು. ಅದರ ಮೇಲೂ ಪೆನ್ಸಿಲ್ ತಿಕ್ಕಿದರೆ ಚಪ್ಪಟೆ. ಇದಕ್ಕೆ ಅಸ್ಮಿತೆ ಬೇಕಿಲ್ಲ. ಸುಮ್ಮನೆ ಕೂತು ನೋಡಬೇಕು.

4. ಉಳಿದ ಮೂರು ಭಾಂಡಗಳು

ಕೈಬಿಡಲಾಗಿದೆ.

5. ಉಪಸಂಹಾರ

ಹದಿನೆಂಟನೇ ಶತಮಾನದ ಪ್ಯಾರಿಸ್ಸಿನಲ್ಲಿ ಶಾರ್ದ್ಯಾಂ ಎಂಬ ಕಲಾವಿದ ಅಡುಗೆಮನೆಯ ತಾಮ್ರದ ಪಾತ್ರೆಗಳನ್ನು ಚಿತ್ರಿಸಿದ. ಇಟಲಿಯ ಬೊಲೋನ್ಯಾದಲ್ಲಿ ಮೊರಾಂದಿ ಎಂಬಾತ ಅವೇ ಸೀಸೆ, ಹೂಜಿಗಳನ್ನು ದಶಕಗಟ್ಟಲೆ ಹಿಂದೆಮುಂದೆ ಸರಿಸಿ ಬರೆಯುತ್ತ 1964ರಲ್ಲಿ ತೀರಿಕೊಂಡ. ನಮ್ಮ ಶಾಲೆಗಳಲ್ಲಿ? ವೇಳಾಪಟ್ಟಿಯಲ್ಲಿ ‘ಚಿತ್ರಕಲೆ’ ಎಂದು ಬರೆದಿದ್ದ ಪೀರಿಯಡ್ಡಿಗೆ ಗಣಿತದ ಮೇಷ್ಟ್ರು ಚಾಕ್‌ಪೀಸ್ ಹಿಡಿದು ಬರುತ್ತಿದ್ದರು, ಪೋರ್ಷನ್ ಮುಗಿದಿಲ್ಲವೆಂದು. ಡ್ರಾಯಿಂಗ್ ಮೇಷ್ಟ್ರು ಆಗ ಸ್ಟಾಫ್‌ರೂಮಿನಲ್ಲಿ ಸರ್ಟಿಫಿಕೇಟಿನ ಮೇಲೆ ಯಾರ್‍ಯಾರದೋ ಹೆಸರನ್ನು ದುಂಡಗೆ ಬರೆಯುತ್ತಿದ್ದರು. ಇಲ್ಲವೇ ವಾರ್ಷಿಕೋತ್ಸವದ ಬ್ಯಾನರಿಗೆ ಬಣ್ಣ ಬಳಿಯುತ್ತಿದ್ದರು. ನೆರಳು ಎಲ್ಲಿ ಬೀಳುತ್ತದೆಂದು ಹೇಳಿಕೊಡಬಲ್ಲ ಮನುಷ್ಯನನ್ನು ಶಾಲೆಯಲ್ಲಿಟ್ಟುಕೊಂಡು ಮಕ್ಕಳಿಂದ ದೂರ ಕೂರಿಸಿದ್ದರು. ಅದೇ ಮಕ್ಕಳು ತಲೆ ನರೆತ ಮೇಲೆ ಶುಲ್ಕ ಕಟ್ಟಿ ಶಿಬಿರಕ್ಕೆ ಹೋಗಿ ತಂಬಿಗೆ ಕೇಳಿದರೆ, ಅಲ್ಲಿನವರು ಸಂಕಥನ ಬಡಿಸುತ್ತಾರೆ.

ಆದ್ದರಿಂದ ಸಿದ್ಧಾಂತ: ಚಿತ್ರಕಲೆಯ ಪೀರಿಯಡ್ಡನ್ನು ಚಿತ್ರಕಲೆಗೆ ಬಿಡಿ. ಸರ್ಟಿಫಿಕೇಟಿಗೆ ಹೆಸರು ಬರೆಯಲು ಪ್ರಿಂಟರ್ ಇದೆ.