ಪಾರ್ಕ್ ಜಾಗದ ಸಂಧಿಪ್ರಕರಣ

ಬಡಾವಣೆಗಳ ಸಾಮುದಾಯಿಕ ಅವಕಾಶಗಳ ನಿರ್ವಹಣಾ ಸಂರಚನೆಯನ್ನು ಬಹುಶಿಸ್ತೀಯ ನೆಲೆಗಟ್ಟಿನಲ್ಲಿ ಮುಖಾಮುಖಿಯಾಗುವುದು ಪ್ರಸ್ತುತ ಪ್ರಬಂಧದ ಆಶಯ. ಅಂದರೆ, ಪಾರ್ಕಿನಲ್ಲಿ ಬೆಳೆದ ಜಾಲಿ ಕಡಿಯುವವರು ಯಾರು ಎಂದು ಕೇಳುವುದು. ಇದೇ ವಿಷಯಕ್ಕೆ ಕರೆದ ಸಭೆಯೊಂದರಲ್ಲಿ ಈಚೆಗೆ ಎರಡೂವರೆ ಗಂಟೆ ಕೂತಿದ್ದೆ. ‘ಸಹಭಾಗಿತ್ವ’ ಹಲವು ಸಲ ಕೇಳಿಸಿತು. ‘ಮಚ್ಚು’ ಒಮ್ಮೆಯೂ ಕೇಳಿಸಲಿಲ್ಲ.

ಮೊದಲು ನಿರುಕ್ತಿ. ಪ್ರಬಂಧಕಾರನ ಹುಟ್ಟೂರು ಹಿರಿಯೂರು ತಾಲ್ಲೂಕಿನ ಯಲ್ಲದಕೆರೆ. ‘ಎಲ್ಲರದೂ ಆದ ಕೆರೆ’ ಎಂಬುದೇ ಸವೆದು ಹೀಗಾಯಿತೆಂದು ಒಂದು ಪಕ್ಷ. ‘ಯಾರದೂ ಅಲ್ಲದ ಕೆರೆ’ಯಲ್ಲಿ ನಡುವಿನ ಅಕ್ಷರ ಉದುರಿತೆಂದು ಇನ್ನೊಂದು ಪಕ್ಷ. ಎರಡೂ ಪಕ್ಷಗಳಲ್ಲಿರುವವನು ನಾನೊಬ್ಬನೇ, ಎರಡಕ್ಕೂ ಆಧಾರವಿಲ್ಲ, ಊರಿನವರು ಮನ್ನಿಸಬೇಕು. ಈಗ ನಾನಿರುವುದು ಬೇರೆ ಊರಿನಂಚಿನ ಲೇಔಟಿನ ಮೂವತ್ತು-ನಲವತ್ತರ ಸೈಟಿನಲ್ಲಿ. ಊರಿನ ಹೆಸರು ಬೇಡ.

ಕನ್ನಡ ಸಂಧಿಗಳು ಮೂರು. ಲೋಪ: ಊರು, ಅಲ್ಲಿ ಸೇರಿದರೆ ಊರಲ್ಲಿ, ಉಕಾರ ಕಾಣೆ. ಹಾಗೆಯೇ ಸೈಟುಗಳೆಲ್ಲ ಮಾರಿದೊಡನೆ ಲೇಔಟ್ ಮಾಡಿದವರು ಕಾಣೆ. ಆಗಮ: ಇಲ್ಲದ ಅಕ್ಷರ ಬಂದು ಕೂರುವುದು. ಪಾರ್ಕಿಗೆ ಕಟ್ಟಡದ ಡೆಬ್ರಿ, ಕೋಳಿ ಅಂಗಡಿಯ ಚೀಲ, ಪಾರ್ಥೇನಿಯಂ ಹೀಗೆಯೇ ಬರುತ್ತವೆ. ಆದೇಶ: ಮಳೆಗಾಲದಲ್ಲಿ ಕಕಾರಕ್ಕೆ ಗಕಾರ ಬಂದಂತೆ, ಪಾರ್ಕಿದ್ದಲ್ಲಿಗೆ ಶೆಡ್ ಬರುವುದು. ಇದರಲ್ಲಿ ಸವರ್ಣ, ಅಸವರ್ಣ ಎಂಬ ಉಪಭೇದಗಳನ್ನೂ ಮಾಡಿಕೊಂಡಿದ್ದೆ. ಬೇಡ ಬಿಡಿ, ವ್ಯಾಕರಣ ಬರೆದ ಕೇಶಿರಾಜನಿಗೆ ನಮ್ಮ ಚರಂಡಿಯ ಉಸಾಬರಿ ಏಕೆ.

ಅಸಲು ರೋಗ ಸಂಧಿಯಲ್ಲಿಲ್ಲ, ಪ್ರಯೋಗದಲ್ಲಿದೆ. ‘ಉದ್ಯಾನವನ್ನು ನಿರ್ವಹಿಸತಕ್ಕದ್ದು.’ ‘ಕ್ರಮ ವಹಿಸಲಾಗುವುದು.’ ಕರ್ಮಪದ ಇದೆ, ಕ್ರಿಯಾಪದ ಇದೆ, ಕರ್ತೃ ಎಲ್ಲಿ? ಹುಡುಕಿಕೊಂಡು ಹೋದೆ. ಕಚೇರಿಯಲ್ಲಿ, “ಇನ್ನೂ ನಮಗೆ ಹ್ಯಾಂಡೋವರ್ ಆಗಿಲ್ಲ ಸಾರ್.” ಲೇಔಟ್ ಮಾಡಿದವರ ಫೋನಿನಲ್ಲಿ, “ಸೇಲಾದ ಮೇಲೆ ನಿಮ್ಮದೇ ಅಲ್ವಾ ಸಾರ್.” ಪಕ್ಕದ ಮನೆಯವರು, “ನಮ್ಮನೆ ಮುಂದೆ ಏನೂ ಇಲ್ವಲ್ಲ.”

ಕಾನೂನು ಮಾತ್ರ ಮೂಕವಲ್ಲ. ಅಪಾರ್ಟ್‌ಮೆಂಟುಗಳಿಗೆ 1972ರ ಕಾಯ್ದೆ, ಪಾರ್ಕು-ಆಟದ ಮೈದಾನಗಳಿಗೆ 1985ರದು. 2016ರ ರಿಯಲ್ ಎಸ್ಟೇಟ್ ಕಾಯ್ದೆ ರೇರಾದ 11ನೇ ಕಲಂ, ನಿವಾಸಿಗಳ ಸಂಘ ವಹಿಸಿಕೊಳ್ಳುವ ತನಕ ಅಗತ್ಯ ಸೇವೆಗಳನ್ನು ಪ್ರವರ್ತಕರೇ ನೋಡಿಕೊಳ್ಳಬೇಕು ಎನ್ನುತ್ತದೆ. ಲೇಔಟಿನ ರಸ್ತೆ, ಪಾರ್ಕು ಸ್ಥಳೀಯ ಸಂಸ್ಥೆಗೆ ಬರೆದುಕೊಟ್ಟ ಮೇಲೆ ಅದರದು. ಅಲ್ಲಿಯ ತನಕ, ಇಲ್ಲಿಯ ತನಕ. ನಾವು ಮನೆ ಕಟ್ಟಿ ಗೃಹಪ್ರವೇಶ ಮಾಡಿರುವುದು ಈ ‘ತನಕ’ದೊಳಗೆ.

ಪಾರ್ಕಿನ ಬದಿಯ ದೀಪ ಕೆಟ್ಟು ತಿಂಗಳುಗಳಾದವು. ಪಕ್ಕದ ಬೀದಿಯ ಅಜ್ಜಿ ಸಂಜೆ ಹೊತ್ತು ಹಾಲು ತರಲು ಹೋಗಿ, ಚಪ್ಪಡಿಯಿಲ್ಲದ ಚರಂಡಿಗೆ ಬಿದ್ದು ಸೊಂಟ ಮುರಿದುಕೊಂಡರು. ಇದಕ್ಕೆ ಯಾವ ಸಂಧಿ ಹೇಳಲಿ? ಕೊಟ್ಟ ಅರ್ಜಿಗೆ ಬಂದ ಉತ್ತರ, ‘ಪರಿಶೀಲಿಸಲಾಗುವುದು’. ಯಾರಿಂದ ಸ್ವಾಮಿ? ನಾಚಿಕೆಯಾಗಬೇಕು, ನನಗೂ ಸೇರಿ. ಆ ಚರಂಡಿಯನ್ನು ದಿನಾ ದಾಟುತ್ತಿದ್ದವನು ನಾನು.

ಕರ್ತೃಪದ ಕನ್ನಡಕ್ಕೆ ಹೊಸದಲ್ಲ. ಹಳೆಯ ಶಾಸನಗಳು ಕೆರೆಯ ದುರಸ್ತಿಗೆಂದು ಬಿತ್ತುವಟ್ಟ, ದಶವಂದ ಎಂಬ ದತ್ತಿ ಬಿಟ್ಟಾಗ ಯಾರು ಬಿಟ್ಟರು, ಎಷ್ಟು ಬಿಟ್ಟರು ಎಂದು ಕಲ್ಲಿನಲ್ಲಿ ಕೊರೆದವು. ತೂಬು ಎತ್ತಲು ನೀರಗಂಟಿ ಇದ್ದ. ಆ ಕಾಲವೇನೂ ಸ್ವರ್ಗವಲ್ಲ. ಹೂಳು ಹೊತ್ತ ಬೆನ್ನು ಯಾರದು, ನೀರುಂಡ ಗದ್ದೆ ಯಾರದು ಎಂಬುದೂ ಗೊತ್ತಿದೆ. ಆದರೂ ಏರಿ ಸೋರಿದರೆ ಯಾರ ಮನೆ ಬಾಗಿಲು ಬಡಿಯಬೇಕು ಎಂಬುದು ಊರಿಗೆ ತಿಳಿದಿತ್ತು. ನಮ್ಮ ಲೇಔಟಿನಲ್ಲಿ ನೂರಾರು ಬಾಗಿಲುಗಳಿವೆ, ಎಲ್ಲಕ್ಕೂ ಕಾಲಿಂಗ್ ಬೆಲ್ ಇದೆ.

ಅಜ್ಜಿ ಆಸ್ಪತ್ರೆಯಿಂದ ಬಂದಿದ್ದಾರೆ. ಚರಂಡಿ ತೆರೆದೇ ಇದೆ. ಓದುಗರಲ್ಲಿ ಯಾರ ಹಿತ್ತಿಲಿನಲ್ಲಾದರೂ ನಾಲ್ಕಡಿ ಉದ್ದದ ಚಪ್ಪಡಿ ಬಿದ್ದಿದ್ದರೆ ದಯವಿಟ್ಟು ತಿಳಿಸಿ. ಹೊರಲು ಇನ್ನೂ ಮೂವರು ಬೇಕು.